ಫ್ರಿಜ್ಜಿನ ಪಕ್ಕದ ಸಂಕಲ್ಪಗಳು

ಅಡಿಲೇಡಿನ ಮಾಸನ್ ಲೇಕ್ಸಿನ ನಮ್ಮ ಆಫೀಸಿನಲ್ಲಿ ಹೊಸದೊಂದು ಪದ್ಧತಿ ಶುರುವಾಗಿದೆ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದ ಕೂಡಲೇ ಪರದೆಯ ಮೂಲೆಯಲ್ಲಿ ಹಳದಿ ಬಣ್ಣದ ಸೂರ್ಯನೊಬ್ಬ ಮೂಡಿ, ಈ ದಿನದ ನಿಮ್ಮ ಸಂಕಲ್ಪವೇನು ಎಂದು ಇಂಗ್ಲಿಷಿನಲ್ಲಿ ಕೇಳುತ್ತಾನೆ. ಉತ್ತರ ಬರೆಯದೆ ಮುಂದೆ ಹೋಗುವಂತಿಲ್ಲ. ಬರೆದರೆ ನಗುತ್ತಾನೆ. ಸಂಜೆ ಹೊರಡುವ ಹೊತ್ತಿಗೆ ಮತ್ತೆ ಬಂದು, ಈಡೇರಿತೇ ಎನ್ನುತ್ತಾನೆ. ಎರಡು ತಿಂಗಳಿಂದ ನಾನು ದಿನವೂ 'ನೀರು ಕುಡಿಯುವುದು' ಎಂದೇ ಬರೆಯುತ್ತಿದ್ದೇನೆ, ಸಂಜೆ 'ಹೌದು' ಒತ್ತುತ್ತಿದ್ದೇನೆ. ನಮ್ಮ ವಿಭಾಗದಲ್ಲಿ ನೂರಕ್ಕೆ ನೂರು ಸಂಕಲ್ಪಸಿದ್ಧಿ ಪಡೆದವಳು ನಾನೊಬ್ಬಳೇ ಎಂದು ಮೊನ್ನೆ ಮೀಟಿಂಗಿನಲ್ಲಿ ಮ್ಯಾನೇಜರ್ ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ.

ತಗ್ಗಿಸಿದ ತಲೆಯೊಳಗೆ ಪರ್ತ್ ನೆನಪಾಗುತ್ತಿತ್ತು. ಅಲ್ಲಿ ಇಂಥದೇ ಚಪ್ಪಾಳೆಯನ್ನು ಇನ್ನೊಬ್ಬರಿಗೆ ತಟ್ಟುತ್ತಿದ್ದವಳು ನಾನು.

ಗುರಿ ಇಟ್ಟುಕೊಳ್ಳುವ ಚಟ ನನಗೆ ಹತ್ತಿದ್ದು ಮೈಸೂರಿನಲ್ಲಿ, ಏಳನೆಯ ತರಗತಿಯಲ್ಲಿದ್ದಾಗ. ಪರೀಕ್ಷೆಗೆ ಮುಂಚೆ ಹತ್ತು ದಿನ ರಜೆ ಕೊಟ್ಟಿದ್ದರು. ನಾನು ಡ್ರಾಯಿಂಗ್ ಹಾಳೆ ತಂದು, ಸ್ಕೇಲು ಹಿಡಿದು, ಟೈಮ್‌ಟೇಬಲ್ ಬರೆಯಲು ಕುಳಿತೆ. ಗಣಿತಕ್ಕೆ ನೀಲಿ, ವಿಜ್ಞಾನಕ್ಕೆ ಹಸಿರು, ಹಾಲು ಕುಡಿಯುವುದಕ್ಕೆ ಗುಲಾಬಿ. ಒಂದು ಗೆರೆ ಸೊಟ್ಟಗಾಯಿತೆಂದು ಮೊದಲಿನಿಂದ ಮತ್ತೆ ಶುರು ಮಾಡಿದೆ. ಮೂರನೆಯ ದಿನ ಸಂಜೆ ಅದು ಮುಗಿದು ಗೋಡೆಯೇರಿತು. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಬಹಳ ಚೆನ್ನಾಗಿದೆ. ಇದನ್ನ ಬರೆಯೋದಕ್ಕೆ ಯಾವ ಬಣ್ಣ ಹಾಕಿದೀಯ, ಕಾಣಿಸ್ತಾ ಇಲ್ವಲ್ಲ?" ಎಂದರು. ಅವತ್ತು ಅರ್ಥವಾಗಲಿಲ್ಲ. ಅರ್ಥವಾದಾಗ ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ.

ಇನ್ನು ನನ್ನ ಅಜ್ಜಿ. ಕಾಶಿಗೆ ಹೋದವರು ತಮಗೆ ಪ್ರಿಯವಾದ ತರಕಾರಿಯೊಂದನ್ನು ಅಲ್ಲಿ ಬಿಟ್ಟು ಬರಬೇಕಂತೆ. ಅಜ್ಜಿ ಹಾಗಲಕಾಯಿ ಬಿಟ್ಟು ಬಂದರು. ಹಾಗಲಕಾಯಿಯನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ ಎಂಬುದು ಇಡೀ ಅಗ್ರಹಾರಕ್ಕೆ ಗೊತ್ತಿತ್ತು. ಆದರೂ ಯಾರ ಮನೆಗೆ ಊಟಕ್ಕೆ ಹೋದರೂ, "ನನಗೆ ಬಡಿಸಬೇಡಿ, ಕಾಶೀಲಿ ಬಿಟ್ಟಿದೀನಿ" ಎಂದು ಬೀಗುತ್ತಿದ್ದರು. ನನ್ನ 'ನೀರು ಕುಡಿಯುವುದು' ಅವರಿಂದ ಬಂದ ವಿದ್ಯೆ ಎಂದು ಕಾಣುತ್ತದೆ.

ಇಷ್ಟೆಲ್ಲ ಸಂಸ್ಕಾರ ಪಡೆದು ನಾನು ಸ್ನಾತಕೋತ್ತರ ಓದಿಗೆಂದು ಪರ್ತಿನ ಬೆಂಟ್ಲಿಗೆ ಬಂದೆ. ಯೂನಿವರ್ಸಿಟಿಯ ಹಿಂದಿನ ರಸ್ತೆಯಲ್ಲಿ ಮೂರು ಕೋಣೆಯ ಬಾಡಿಗೆ ಮನೆ. ನನ್ನ ಜೊತೆ ಇಬ್ಬರು. ಒಬ್ಬಳು ದಾವಣಗೆರೆಯ ನಾಜಿಯಾ. ಫಾರ್ಮಸಿ ಓದುತ್ತಿದ್ದಳು, ಮಧ್ಯಾಹ್ನದ ಮೇಲೆ ಒಂದು ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುತ್ತಿದ್ದಳು. ಬಂದ ಮೂರೇ ತಿಂಗಳಿಗೆ ಅದನ್ನು 'ಸರ್ವೋ' ಎನ್ನಲು ಕಲಿತು ನಮ್ಮೆದುರು ಆಸ್ಟ್ರೇಲಿಯದವಳಂತೆ ಓಡಾಡಿಕೊಂಡಿದ್ದಳು. ಇನ್ನೊಬ್ಬ ವಿಜಯಪುರದ ಕಡೆಯ ಶ್ರೀಶೈಲ. ಸೈಬರ್ ಸೆಕ್ಯುರಿಟಿ ಓದಲು ಬಂದವನು. ಅವನ ತಂದೆ ಸರ್ಕಾರಿ ಶಾಲೆಯ ಹೆಡ್‌ಮಾಸ್ತರರು. ಮಾತು ಕಡಿಮೆ, ಊಟ ಚೆನ್ನಾಗಿ ಮಾಡುತ್ತಿದ್ದ, ನಮಗಿಂತ ಚಿಕ್ಕವನಾದ್ದರಿಂದ ಇಬ್ಬರನ್ನೂ 'ಅಕ್ಕಾರ' ಎನ್ನುತ್ತಿದ್ದ.

ಪರ್ತಿನಲ್ಲಿ ವರ್ಷಕ್ಕೊಮ್ಮೆ ಜನ ತಮಗೆ ಬೇಡವಾದ ಸಾಮಾನನ್ನು ಮನೆ ಮುಂದಿನ ಹುಲ್ಲಿನ ಮೇಲೆ ಇಡುತ್ತಾರೆ. ಅದನ್ನು ಸಾಗಿಸಲು ಕೌನ್ಸಿಲ್ಲಿನ ಲಾರಿ ಬರುತ್ತದೆ. ಲಾರಿಗಿಂತ ಮುಂಚೆ ನಮ್ಮಂಥ ವಿದ್ಯಾರ್ಥಿಗಳು ಬರುತ್ತೇವೆ. ಹಾಗೆ ಹೋದಾಗ ನಾಜಿಯಾಗೆ ಒಂದು ಇಸ್ತ್ರಿ ಮೇಜು ಸಿಕ್ಕಿತು, ನನಗೆ ಒಂದು ವೈಟ್‌ಬೋರ್ಡು. ಹೊತ್ತು ತಂದು, ಒರೆಸಿ, ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕ ತೂಗು ಹಾಕಿ, ಮೂರು ಪಟ್ಟಿ ಎಳೆದೆ. ಪ್ರತಿಯೊಬ್ಬರೂ ಬೆಳಿಗ್ಗೆ ಹೊರಡುವ ಮುಂಚೆ ಆ ದಿನದ ಸಂಕಲ್ಪ ಬರೆಯಬೇಕು, ಸಂಜೆ ಬಂದು ಟಿಕ್ ಹಾಕಬೇಕು. ಭಾನುವಾರ ನಾನು ಲೆಕ್ಕ ನೋಡಿ, ಗೆದ್ದವರ ಹೆಸರಿನ ಮುಂದೆ ಕೆಂಪು ನಕ್ಷತ್ರ ಬಿಡಿಸುತ್ತೇನೆ.

"ನಾವೇನು ಎಲ್‌ಕೇಜಿನಾ?" ಎಂದಳು ನಾಜಿಯಾ.

"ಗುರಿ ಬರೆದಿಟ್ಟವರೇ ಜೀವನದಲ್ಲಿ ಮುಂದೆ ಬರೋದು ಕಣೆ."

"ಬರೆದಿಡದೇ ಇರೋರು ನಿನ್ ಕಾಟ ಇಲ್ದೆ ಆರಾಮಾಗಿರ್ತಾರೆ," ಎಂದು ಹೇಳಿ ಅವಳು ತನ್ನ ಪಟ್ಟಿಯಲ್ಲಿ 'ಇವತ್ತು ಯಾರನ್ನೂ ಬಯ್ಯಲ್ಲ' ಎಂದು ಬರೆದಳು. ಆ ಸಂಕಲ್ಪ ನಾನು ನೋಡಿದಷ್ಟು ದಿನವೂ ಟಿಕ್ ಕಾಣದೆ ಹಾಗೇ ಉಳಿಯಿತು.

ನಿಜ ಹೇಳುತ್ತೇನೆ, ನನಗೆ ಯಾರ ಉದ್ಧಾರದ ಚಿಂತೆಯೂ ಇರಲಿಲ್ಲ. ಮೂರು ಜನ ಮೂರು ಹೊತ್ತಿಗೆ ಎದ್ದು, ಮೂರು ಬಸ್ಸು ಹಿಡಿದು, ಮೂರು ಪಾತ್ರೆಯಲ್ಲಿ ಅನ್ನ ಮಾಡಿಕೊಳ್ಳುವ ಮನೆಯಲ್ಲಿ ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯುವುದಕ್ಕೆ ಏನಾದರೂ ಬೇಕಿತ್ತು. ಹಾಗೆಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, ಗುರಿ, ಶಿಸ್ತು ಎಂದು ಭಾಷಣ ಮಾಡಿದೆ.

ನನ್ನ ಬೋರ್ಡನ್ನು ಗಂಭೀರವಾಗಿ ತೆಗೆದುಕೊಂಡವನು ಶ್ರೀಶೈಲನೊಬ್ಬನೇ. ಮೊದಲ ವಾರ ಬರೀ 'ಕ್ಲಾಸು' ಎಂದು ಬರೆಯುತ್ತಿದ್ದವನು ಬರಬರುತ್ತಾ ಬೆಳೆದ. 'ಐದಕ್ಕೆ ಏಳುವುದು. ಅಸೈನ್‌ಮೆಂಟ್ ಮೊದಲ ಭಾಗ. ಲೈಬ್ರರಿಯಲ್ಲಿ ಆರು ತಾಸು.' ಸಂಜೆ ಬಂದವನೇ ಎಲ್ಲಕ್ಕೂ ಟಿಕ್ ಹಾಕುತ್ತಿದ್ದ. ನಿಜಕ್ಕೂ ಐದಕ್ಕೆ ಏಳುತ್ತಿದ್ದ, ಬಾಗಿಲ ಸದ್ದು ಕೇಳಿಸುತ್ತಿತ್ತು. ಸತತ ಒಂಬತ್ತು ವಾರ ನಕ್ಷತ್ರ ಅವನಿಗೇ. ನಾನು ಪ್ರತಿ ಭಾನುವಾರ ಚಪ್ಪಾಳೆ ತಟ್ಟಿ, "ನೋಡು ನಾಜಿಯಾ, ಮನುಷ್ಯ ಅಂದ್ರೆ ಹೀಗಿರಬೇಕು" ಎನ್ನುತ್ತಿದ್ದೆ. ಮೈಸೂರಿಗೆ ಫೋನ್ ಮಾಡಿದಾಗ ಅಮ್ಮನ ಹತ್ತಿರವೂ ಅವನ ಗುಣಗಾನ. ಅವನು ಮಾತ್ರ ಆಗೆಲ್ಲ ತಲೆ ಬಗ್ಗಿಸಿಕೊಂಡು ರೊಟ್ಟಿ ಮುರಿಯುತ್ತಿದ್ದ. ಎಷ್ಟು ವಿನಯ ಎಂದುಕೊಳ್ಳುತ್ತಿದ್ದೆ.

ಅವನ ಅಂಗೈಯಲ್ಲಿ ಗುಳ್ಳೆಗಳಾಗಿದ್ದವು, ಮೊಣಕೈಯವರೆಗೂ ಗೀರುಗಳು. ಕೇಳಿದರೆ, "ಬಸ್ ಸ್ಟಾಪಿನ್ಯಾಗ ಗುಲಾಬಿ ಕಂಟಿ ಐತ್ರಿ" ಎಂದ. ಕತ್ತಿನ ಹಿಂಭಾಗ ಸುಟ್ಟು ಕಪ್ಪಾಗಿತ್ತು. ಲೈಬ್ರರಿಯ ಹುಲ್ಲಿನ ಮೇಲೆ ಕೂತು ಓದುತ್ತಾನೆ, ಪಾಪ, ಎಂದು ನಾನೇ ಕಾರಣ ಹುಡುಕಿಕೊಟ್ಟೆ.

ಆಗಸ್ಟ್ ತಿಂಗಳ ಒಂದು ಬುಧವಾರ. ಚಳಿಯಿದ್ದರೂ ಬಿಸಿಲು ಚೆನ್ನಾಗಿತ್ತು. ನನಗೂ ನಾಜಿಯಾಗೂ ಕ್ಲಾಸಿರಲಿಲ್ಲ. ಅವಳಿಗೆ ಆಗತಾನೆ ಡ್ರೈವಿಂಗ್ ಲೈಸೆನ್ಸ್ ಬಂದಿತ್ತು, ಹಳೆಯ ಕಾರೊಂದನ್ನು ತಂದುಕೊಂಡಿದ್ದಳು. ಉದ್ದಕ್ಕೆ ಒಂದು ಸವಾರಿ ಹೋಗೋಣವೆಂದಳು. ಶ್ರೀಶೈಲನನ್ನೂ ಕರೆಯೋಣವೆಂದರೆ ಅವನ ಪಟ್ಟಿಯಲ್ಲಿ 'ಹತ್ತು ಗಂಟೆಗೆ ಪ್ರೆಸೆಂಟೇಶನ್' ಎಂದಿತ್ತು. ನಾನು ಪಕ್ಕದಲ್ಲಿ 'ಒಳ್ಳೆಯದಾಗಲಿ' ಎಂದು ಬರೆದು, ನನ್ನ ಪಟ್ಟಿಯಲ್ಲಿ 'ಒಂದು ಹೊಸ ಜಾಗ ನೋಡುವುದು' ಎಂದು ಬರೆದು ಹೊರಟೆ.

ಹೋಗಿದ್ದು ಸ್ವಾನ್ ವ್ಯಾಲಿಗೆ. ರಸ್ತೆಯ ಎರಡೂ ಬದಿ ದ್ರಾಕ್ಷಿತೋಟ. ಚಳಿಗಾಲವಾದ್ದರಿಂದ ಬಳ್ಳಿಗಳಲ್ಲಿ ಒಂದೆಲೆಯೂ ಇರಲಿಲ್ಲ, ಸಾಲುಸಾಲಾಗಿ ಒಣಗಿದ ಕಡ್ಡಿಗಳಂತೆ ನಿಂತಿದ್ದವು. ನಾಜಿಯಾ ಕಾರನ್ನು ಎಷ್ಟು ನಿಧಾನ ಓಡಿಸುತ್ತಿದ್ದಳೆಂದರೆ ತೋಟದಲ್ಲಿ ಕೆಲಸ ಮಾಡುವವರ ಮಾತೆಲ್ಲ ಕಿಟಕಿಯಲ್ಲಿ ಕೇಳಿಸುತ್ತಿತ್ತು.

"ಟೂ ಐ, ಮೇಟ್! ಎರಡ ಕಣ್ಣ! ನೋ ತ್ರೀ! ಮೂರ ಬಿಟ್ರ ಬಳ್ಳಿ ಸೊರಗತೈತಿ!"

ನಾಜಿಯಾ ಬ್ರೇಕ್ ಹಾಕಿದಳು. "ಲೇ, ಇದು ನಮ್ ಶ್ರೀಶೈಲನ ದನಿ ಅಲ್ವಾ?"

"ಅವನು ಪ್ರೆಸೆಂಟೇಶನ್‌ನಲ್ಲಿದಾನೆ ಕಣೆ," ಎಂದೆ. ನನಗೆ ಬೋರ್ಡಿನ ಮೇಲಿದ್ದ ನಂಬಿಕೆ ನನ್ನ ಕಿವಿಯ ಮೇಲಿರಲಿಲ್ಲ.

ಬೇಲಿಯಾಚೆ, ಅಗಲವಾದ ಟೋಪಿ ಹಾಕಿಕೊಂಡು, ಕೈಯಲ್ಲಿ ಕತ್ತರಿ ಹಿಡಿದು, ಹೊಂಬಣ್ಣದ ಗಡ್ಡದ ಇಬ್ಬರು ದಾಂಡಿಗರಿಗೆ ಬಳ್ಳಿ ಸವರುವುದನ್ನು ಹೇಳಿಕೊಡುತ್ತಿದ್ದವನು ಶ್ರೀಶೈಲನೇ. ಚಿಗುರು ಒಡೆಯುವ ಗೆಣ್ಣಿಗೆ ಕಣ್ಣು ಎನ್ನುತ್ತಾರಂತೆ. ಪ್ರತಿ ಕಡ್ಡಿಯಲ್ಲಿ ಎರಡು ಕಣ್ಣು ಬಿಟ್ಟು ಮಿಕ್ಕದ್ದನ್ನು ಅವನು ಎಷ್ಟು ಸಲೀಸಾಗಿ ಕತ್ತರಿಸುತ್ತಿದ್ದನೆಂದರೆ, ಆ ಇಬ್ಬರೂ ತಮ್ಮ ಕತ್ತರಿ ಮರೆತು ನೋಡುತ್ತಿದ್ದರು. ಮನೆಯಲ್ಲಿ ನಾಲ್ಕು ಮಾತಿನ ಮೇಲೆ ಐದನೆಯದು ಆಡದವನು ಇಲ್ಲಿ ಕನ್ನಡ, ಇಂಗ್ಲಿಷು, ಕೈ, ಹುಬ್ಬು ಎಲ್ಲದರಲ್ಲೂ ಮಾತಾಡುತ್ತಿದ್ದ. ಅಷ್ಟು ಸಂತೋಷವಾಗಿ ಅವನನ್ನು ನಾನು ಎಂದೂ ಕಂಡಿರಲಿಲ್ಲ.

ನಮ್ಮನ್ನು ನೋಡಿದ. ಟೋಪಿ ತೆಗೆದ.

"ಏನಪ್ಪಾ ಇದು?" ಎಂದೆ.

"ಚಾಟ್ನಿ ನಡದೈತ್ರಿ, ಅಕ್ಕಾರ."

"ಚಟ್ನಿನಾ?"

"ಚಾಟ್ನಿ ಅಂದ್ರ ಬಳ್ಳಿ ಸವರೂದ್ರಿ."

"ಮತ್ತೆ ಪ್ರೆಸೆಂಟೇಶನ್?"

ಅವನು ಕತ್ತರಿಯ ಬಾಯಿಯನ್ನು ತೆರೆದು, ಮುಚ್ಚಿ, "ಕೆಲಸ ಮೂರಕ್ಕ ಮುಗೀತೈತಿ. ನಿಂದ್ರತೀರೇನು?" ಎಂದ.

ನಿಂತೆವು. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಕೂತು ಎಲ್ಲ ಹೇಳಿದ. ಮೊದಲ ಸೆಮಿಸ್ಟರಿನಲ್ಲೇ ಎರಡು ವಿಷಯ ಹೋಗಿದ್ದವು. ಎರಡನೆಯ ಸೆಮಿಸ್ಟರಿಗೆ ಎರಡು ವಾರ ಹೋಗಿ ಬಿಟ್ಟುಬಿಟ್ಟಿದ್ದ. ವೀಸಾ ಒಪ್ಪುವಷ್ಟು ಗಂಟೆ ತೋಟದಲ್ಲಿ ಕೆಲಸ, ಉಳಿದ ದಿನ ಸುಮ್ಮನೆ ರೈಲಿನಲ್ಲಿ ಕೊನೆಯ ಸ್ಟೇಷನ್‌ವರೆಗೆ ಹೋಗಿ ಬರುವುದು. ನಿನ್ನನ್ನು ಓದಿನಲ್ಲಿ ಏಕೆ ಮುಂದುವರಿಸಬೇಕು ಎಂದು ಯೂನಿವರ್ಸಿಟಿಯಿಂದ ಪತ್ರ ಬಂದಿತ್ತು. ಉತ್ತರ ಕೊಡದಿದ್ದರೆ ಹೆಸರು ತೆಗೆಯುತ್ತಾರೆ, ವೀಸಾ ಹೋಗುತ್ತದೆ, ಮತ್ತೆ ಬರುವುದೂ ಕಷ್ಟವಾಗುತ್ತದೆ. ಗಡುವಿಗೆ ಐದು ದಿನ ಉಳಿದಿತ್ತು. ಊರಲ್ಲಿ ಯಾರಿಗೂ ಏನೂ ಗೊತ್ತಿಲ್ಲ.

"ಅಲ್ಲ ಶ್ರೀಶೈಲ, ನಮ್ಮ ಹತ್ತಿರವಾದರೂ ಹೇಳಬಾರದಿತ್ತಾ? ದಿನಾ ಬೋರ್ಡಲ್ಲಿ ಅಷ್ಟೆಲ್ಲ ಯಾಕೆ ಬರೀತಿದ್ದೆ?"

ಅವನು ಕಿಟಕಿಯಾಚೆ ನೋಡಿದ. "ಮೊದಲನೇ ಐತವಾರ ನೀವು ನಕ್ಷತ್ರ ತಗದು ಚಪ್ಪಾಳಿ ಬಡದ್ರಿ. ಎಷ್ಟ ಖುಷಿ ಆಗಿದ್ರಿ ನೀವು. ನಿಮ್ಮ ಖುಷಿ ಕೆಡಸಾಕ ಮನಸ್ಸು ಬರಲಿಲ್ಲರಿ. ಆಮ್ಯಾಲ ಒಂಬತ್ತ ವಾರ ಆಗಿಬಿಟ್ಟಿತ್ತು."

ನಾಜಿಯಾ ಒಮ್ಮೆ ನನ್ನತ್ತ ತಿರುಗಿ ನೋಡಿ, ಮತ್ತೆ ರಸ್ತೆಯತ್ತ ಕಣ್ಣಿಟ್ಟಳು. ಯಾರನ್ನೂ ಬಯ್ಯುವುದಿಲ್ಲವೆಂಬ ಸಂಕಲ್ಪವನ್ನು ಅವಳು ಪಾಲಿಸಿದ್ದು ಅದೇ ಮೊದಲು. ಬಯ್ದಿದ್ದರೆ ವಾಸಿಯಿತ್ತು.

ಇಷ್ಟಾದ ಮೇಲಾದರೂ ನನಗೆ ಬುದ್ಧಿ ಬರಬೇಕಲ್ಲ? ಮನೆಗೆ ಬಂದವಳೇ ಬೋರ್ಡನ್ನು ಪೂರ್ತಿ ಒರೆಸಿ, ಮೇಲೆ 'ಶ್ರೀಶೈಲ: ಐದು ದಿನದ ಯೋಜನೆ' ಎಂದು ಬರೆದು, ಅಡಿಗೆರೆ ಎಳೆದು, ಒಂದು, ಎರಡು ಎಂದು ಅಂಕಿ ಹಾಕತೊಡಗಿದೆ. ನಾಜಿಯಾ ಬಂದು ಬೋರ್ಡನ್ನು ಮೊಳೆಯಿಂದ ಎತ್ತಿ ಕೆಳಗಿಟ್ಟಳು.

"ಅವನು ಮೊದ್ಲು ಅವರಪ್ಪಂಗೆ ಫೋನ್ ಮಾಡ್ಲಿ. ನೀನು ಸ್ವಲ್ಪ ಹೊತ್ತು ಸುಮ್ನಿರು. ಆಗುತ್ತಾ?"

ಶ್ರೀಶೈಲ ಹಿತ್ತಿಲಿಗೆ ಹೋದ. ಬಟ್ಟೆ ಒಣಹಾಕುವ, ಛತ್ರಿಯಂತೆ ತಿರುಗುವ ಕಂಬವೊಂದು ಅಲ್ಲಿತ್ತು. ಅದರ ಕೆಳಗೆ ನಿಂತು ಫೋನ್ ಮಾಡಿದ. ಅಂಗೈಯ ಗುಳ್ಳೆ ನೋಯುತ್ತಿದ್ದುದರಿಂದ ಸ್ಪೀಕರ್ ಹಾಕಿ ಫೋನನ್ನು ಕಲ್ಲಿನ ಮೇಲಿಟ್ಟಿದ್ದ. ಅಡುಗೆಮನೆಯ ಕಿಟಕಿಯಲ್ಲಿ ನಾವಿಬ್ಬರೂ ಕಿವಿಗೊಟ್ಟು ನಿಂತಿದ್ದೆವು.

ಅವನು ಹೇಳಿ ಮುಗಿಸಿದ ಮೇಲೆ ಆ ಕಡೆಯಿಂದ ಶಾಲೆಯ ಮಕ್ಕಳ ಗಲಾಟೆಯ ನಡುವೆ ಹೆಡ್‌ಮಾಸ್ತರರ ದನಿ ಕೇಳಿಸಿತು.

"ಬಳ್ಳಿ ಕತ್ತರಸಾಕ ಸಮುದ್ರ ದಾಟಿ ಹೋಗಬೇಕಿತ್ತೇನ? ನಿಮ್ಮ ಕಾಕಾನ ದ್ರಾಕ್ಷಿ ಪಡ ಇಲ್ಲೇ ಮನೀ ಹಿಂದ ಐತಲ್ಲ. ನಾ ಸಾಲಿ ತುಂಬ ಹೇಳೇನಿ ನನ್ನ ಮಗಾ ಕಂಪ್ಯೂಟರ್ ಕಳ್ಳರನ್ನ ಹಿಡಿಯಾಕ ಕಲಿಯಾಕತ್ತಾನ ಅಂತ. ನಾಳೆ ಯಾವ ಮಾರಿ ಇಟಗೊಂಡ ಸ್ಟಾಫ್ ರೂಮಿಗೆ ಹೋಗ್ಲಿ?"

ಫೋನ್ ಕಟ್ಟಾಯಿತು. ನಾನು ಓಡಿಹೋಗಿ ಏನೋ ಸಮಾಧಾನ ಹೇಳಲು ಹೊರಟೆ. ಶ್ರೀಶೈಲ ಕಣ್ಣೊರೆಸಿಕೊಳ್ಳುತ್ತಿದ್ದ, ಆದರೆ ಭುಜಗಳು ಮಾತ್ರ ಹಗುರಾದಂತೆ ಇಳಿಬಿದ್ದಿದ್ದವು.

"ಬೈದ್ರಲ್ಲಪ್ಪಾ," ಎಂದೆ.

"ಬೈದ್ರು. ಆದ್ರ ನನಗ ಬೈದ್ರು, ಅಕ್ಕಾರ. ಇಷ್ಟ ದಿನಾ ಅವರು ಹೊಗಳತಿದ್ರು ನೋಡ್ರಿ, ಆವಾಗ ಬ್ಯಾರೆ ಯಾವನೋ ಶ್ರೀಶೈಲನ್ನ ಹೊಗಳಿದಂಗ ಅನಸತಿತ್ತು."

ಹೊಗಳಿದವರ ಪಟ್ಟಿಯಲ್ಲಿ ನಾನೂ ಇದ್ದೆನಷ್ಟೆ. ತೆಪ್ಪಗೆ ಒಳಗೆ ಬಂದು ಚಹಾಕ್ಕಿಟ್ಟೆ.

ಪತ್ರದ ಉತ್ತರವನ್ನು ಮಾತ್ರ ನಾನೇ ಬರೆದುಕೊಡುತ್ತೇನೆಂದು ಹಟ ಹಿಡಿದೆ. ದೀರ್ಘಕಾಲದ ಧ್ಯೇಯ, ಅಲ್ಪಕಾಲದ ಗುರಿ, ಆತ್ಮಾವಲೋಕನ, ಹೀಗೆ ಎರಡು ಪುಟ. ಶ್ರೀಶೈಲ ಅದನ್ನು ಗೌರವದಿಂದ ಓದಿ, ಪೆನ್ನು ತೆಗೆದುಕೊಂಡು, ಮೇಲಿನಿಂದ ಕೆಳಗಿನವರೆಗೆ ಗೆರೆ ಹೊಡೆಯುತ್ತ ಬಂದ. ಉಳಿದದ್ದು ಪುಟದ ಕೆಳಗಿನ ಖಾಲಿ ಜಾಗವಷ್ಟೇ. ಅಲ್ಲಿ ತಾನೇ ಬರೆದ: ಈ ಓದು ನನ್ನಿಂದ ಆಗುತ್ತಿಲ್ಲ, ಹೇಳಲು ಹೆದರಿದೆ, ನನಗೆ ದ್ರಾಕ್ಷಿಯ ಕೆಲಸ ಬರುತ್ತದೆ, ಅದನ್ನೇ ಕಲಿಯುವ ದಾರಿಯಿದ್ದರೆ ತಿಳಿಸಿ.

ಅದನ್ನು ಹಿಡಿದು ವಿದೇಶಿ ವಿದ್ಯಾರ್ಥಿಗಳ ಸಲಹೆಗಾರ್ತಿಯ ಬಳಿಗೆ ಮೂವರೂ ಹೋದೆವು. ನರೆಗೂದಲಿನ ಹೆಂಗಸು. ಎರಡು ಸಲ ಓದಿದರು. "ನೀನು ಕೊನೆಯ ದಿನಕ್ಕೆ ಮುಂಚೆ ಬಂದೆಯಲ್ಲ, ಅದು ಒಳ್ಳೆಯದಾಯಿತು" ಎಂದರು. ಹೆಸರು ತೆಗೆಸಿಕೊಳ್ಳುವ ಮುಂಚೆ ತಾನಾಗಿಯೇ ಬಿಟ್ಟು, ಊರಿಗೆ ಹೋಗಿ, ಹೊಸ ಓದಿಗೆ ಹೊಸದಾಗಿ ವೀಸಾ ಕೇಳುವುದು ಸರಿಯಾದ ದಾರಿ ಎಂದು ಒಂದೊಂದಾಗಿ ಬಿಡಿಸಿ ಹೇಳಿದರು. ಸುಲಭವಲ್ಲ, ಆದರೂ ಆಗಬಹುದು ಎಂದರು.

ಸೆಪ್ಟೆಂಬರಿನಲ್ಲಿ ಶ್ರೀಶೈಲ ಹೊರಟ. ವಿಮಾನ ನಿಲ್ದಾಣದಲ್ಲಿ ನಾಜಿಯಾ ಅತ್ತಳು, ಅತ್ತಿದ್ದಕ್ಕೆ ಅವನನ್ನೇ ಬಯ್ದಳು. ಬೋರ್ಡನ್ನು ನಾವು ಮತ್ತೆ ತೂಗು ಹಾಕಲಿಲ್ಲ. ಮನೆ ಮುಂದಿನ ಹುಲ್ಲಿನ ಮೇಲೆ ಇಟ್ಟೆವು. ಮಧ್ಯಾಹ್ನದೊಳಗೆ ಯಾರೋ ಎತ್ತಿಕೊಂಡು ಹೋಗಿದ್ದರು. ಅವರ ಮನೆಯವರ ಗತಿ ಏನಾಯಿತೋ.

ಊರಿಗೆ ಹೋದವನು ಸುಮಾರು ಒಂದು ವರ್ಷ ಚಿಕ್ಕಪ್ಪನ ತೋಟದಲ್ಲೇ ದುಡಿದ. ತಂದೆ ಒಂದೇ ಮನೆಯಲ್ಲಿದ್ದೂ ತಿಂಗಳುಗಟ್ಟಲೆ ಮಾತಾಡಲಿಲ್ಲವಂತೆ, ಸ್ಟಾಫ್ ರೂಮಿನಲ್ಲಿ ಮಾತ್ರ ಮಗ ಮನೆಯಿಂದಲೇ ಕಂಪ್ಯೂಟರಿನಲ್ಲಿ ಓದುತ್ತಿದ್ದಾನೆಂದು ಹೇಳಿಕೊಂಡಿದ್ದರಂತೆ. ಆದರೆ ವೀಸಾ ಅರ್ಜಿಯ ಜೊತೆಗಿಡುವ ಪತ್ರದಲ್ಲಿ ವ್ಯಾಕರಣ ತಪ್ಪಿದೆಯೆಂದು ಕೆಂಪು ಇಂಕಿನಲ್ಲಿ ತಿದ್ದಿ ಮೇಜಿನ ಮೇಲಿಟ್ಟಿದ್ದರಂತೆ. ಕೊನೆಗೆ ವೀಸಾ ಬಂತು, ಈ ಸಲ ಅಡಿಲೇಡಿಗೆ, ದ್ರಾಕ್ಷಿ ಬೇಸಾಯದ ಓದಿಗೆ. ಅಷ್ಟು ಹೊತ್ತಿಗೆ ನನಗೂ ಇಲ್ಲಿ ಕೆಲಸ ಸಿಕ್ಕಿತ್ತು. ನಾಜಿಯಾ ಬ್ರಿಸ್ಬೇನಿನಲ್ಲಿ ಔಷಧಿ ಅಂಗಡಿ ಸೇರಿದ್ದಾಳೆ. ಗಿರಾಕಿಗಳನ್ನು ಬಯ್ಯುವಂತಿಲ್ಲವಾದ್ದರಿಂದ ವಾರಕ್ಕೊಮ್ಮೆ ನನಗೆ ಫೋನ್ ಮಾಡುತ್ತಾಳೆ.

ಶ್ರೀಶೈಲ ಈಗ ಓದು ಮುಗಿಸಿ, ಮಾಸನ್ ಲೇಕ್ಸಿನಿಂದ ಕಾರಿನಲ್ಲಿ ಒಂದು ಗಂಟೆ ದೂರದ ತೋಟವೊಂದನ್ನು ನೋಡಿಕೊಳ್ಳುತ್ತಾನೆ. ಕಳೆದ ಜನವರಿಯಲ್ಲಿ ಅವನ ತಂದೆ ಬಂದಿದ್ದರು. ನಿವೃತ್ತರಾಗಿದ್ದಾರೆ. ಅವರನ್ನು ನೋಡಲು ಒಂದು ಶನಿವಾರ ಹೋದೆ. ಸುಡು ಬಿಸಿಲು. ಬಿಳಿ ಧೋತರ, ತಲೆಗೆ ಮಗನ ಅಗಲ ಟೋಪಿ. ಹಕ್ಕಿಗಳು ಬಾರದಂತೆ ಬಳ್ಳಿಗಳಿಗೆ ಹೊದಿಸಿದ ಬಲೆಯನ್ನು ಎತ್ತಿ ನೋಡುತ್ತ, ಸಾಲಿನಿಂದ ಸಾಲಿಗೆ ನಡೆಯುತ್ತಿದ್ದರು. ಪರೀಕ್ಷೆಯ ಹಾಲಿನಲ್ಲಿ ಮೇಲ್ವಿಚಾರಕರು ನಡೆಯುವಂತೆಯೇ. ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು, ಬೀಜ ಉಗಿದು, "ಇಷ್ಟ ಸಣ್ಣ ಹಣ್ಣ? ಇದರಿಂದ ಏನ್ ಮಾಡ್ತಾರ?" ಎಂದರು.

"ರಸಾ ಮಾಡ್ತಾರ, ಅಪ್ಪ," ಎಂದ ಶ್ರೀಶೈಲ.

"ಯಾವ ರಸಾ ಅಂತ ನನಗ ಗೊತ್ತೈತಿ," ಎಂದರು ಅವರು.

ಅಷ್ಟರಲ್ಲಿ ಅವರ ಫೋನು ಮೊಳಗಿತು. ವಿಡಿಯೋ ಕರೆ. ಊರಿನ ಚಹಾದಂಗಡಿಯಲ್ಲಿ ಬೆಳಗಿನ ಹೊತ್ತು ಕೂತ ಹಳೆಯ ಮಾಸ್ತರರ ಗುಂಪು, ನಾಲ್ಕೈದು ತಲೆಗಳು ಒಂದೇ ಪರದೆಯಲ್ಲಿ ನುಗ್ಗಾಡುತ್ತಿದ್ದವು. "ಎಲ್ಲೀರಿ ಸರ? ಮಗನ ಆಫೀಸ್ ತೋರಸ್ರಿ!" ಎಂದು ಯಾರೋ ಕೂಗಿದರು.

ಹೆಡ್‌ಮಾಸ್ತರರು ಥಟ್ಟನೆ ಫೋನನ್ನು ಮೇಲಕ್ಕೆತ್ತಿದರು. ಪರದೆಯಲ್ಲಿ ಅವರ ಗಲ್ಲ, ಟೋಪಿಯ ಅಂಚು ಮತ್ತು ಅಡಿಲೇಡಿನ ನೀಲಿ ಆಕಾಶ ಬಿಟ್ಟು ಬೇರೇನೂ ಇರಲಿಲ್ಲ. "ಇವತ್ತ ಶನಿವಾರರೀ, ಆಫೀಸ್ ಸೂಟಿ. ದೊಡ್ಡ ಆಫೀಸು. ಕಂಪ್ಯೂಟರ್ ಎಲ್ಲಾ ಒಳಗ ಅದಾವು. ಒಳಗ ಫೋನ್ ಬಿಡಂಗಿಲ್ಲ, ಸೆಕ್ಯುರಿಟಿ ಅಲ್ಲೇನ್ರಿ?" ಎಂದರು. ಶ್ರೀಶೈಲ ಎರಡು ಹೆಜ್ಜೆ ಹಿಂದೆ ಸರಿದು, ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ. ನಾನು ಯಾವ ಕಡೆ ನೋಡಬೇಕೆಂದು ತಿಳಿಯದೆ ಬೂಟಿನ ದಾರ ಕಟ್ಟಲು ಬಗ್ಗಿದೆ.

ಕರೆ ಮುಗಿಸಿ ಫೋನನ್ನು ಜೇಬಿಗೆ ಹಾಕಿಕೊಂಡು ಅವರು ನನ್ನತ್ತ ತಿರುಗಿದರು.

"ಅವರಿಗೆ ಹೇಳಾಕ ಇನ್ನೊಂದೀಟ ದಿನಾ ಬೇಕ್ರಿ, ತಂಗಿ," ಎಂದರು. "ನಾಲ್ಕ ಮಂದಿ ಅದಾರ, ಒಬ್ಬೊಬ್ಬರಿಗೇ ಹೇಳತೇನಿ."

ಆಮೇಲೆ ಧೋತರವನ್ನು ಎತ್ತಿ ಕಟ್ಟಿಕೊಂಡು, ಮಗ ಹಿಡಿದಿದ್ದ ಬಲೆಯ ಇನ್ನೊಂದು ತುದಿಯನ್ನು ಹಿಡಿಯಲು ಹೋದರು.